ಉಗುರುಬೆಚ್ಚಗೆ

ಧನುರ್ಮಾಸ. ಬೆಳಗಿನ ಐದೂವರೆಯ ಅರಸೀಕೆರೆ ಗಾಡಿ.
ಸ್ಟೀಲ್ ಸೀಟಿ ತುಟಿಗೆ ತಾಗುವ ಮೊದಲೇ
ಮುಂದಿನ ನಾಲ್ಕು ಹಲ್ಲು ಜುಮ್ಮೆಂದವು.
ಬಾಗಿಲು ಬಡಿದು ‘ರೈಟ್’ ಅಂದೆ.
ಡ್ರೈವರ್ ಬೋರಲಿಂಗ ಕನ್ನಡಿಯಲ್ಲಿ ನೋಡಿದ:
‘ಯಾಕಮ್ಮ, ಸೀಟಿ ಕಳಕೊಂಡ್ಯಾ?’

ಕಳಕೊಂಡದ್ದು ಕಂದು ಬಣ್ಣ.
ಊರ ಬೋರ್‌ವೆಲ್ ಹಲ್ಲಿನ ಮೇಲೆ ಬರೆದದ್ದನ್ನು
ಹಾಸನದ ಡಾಕ್ಟರ್ ನಫೀಸಾ
ನೀಲಿ ಬೆಳಕು ಹಿಡಿದು ಒಂದು ಗಂಟೆಯಲ್ಲಿ ತಿಳಿ ಮಾಡಿದರು.
ಓವರ್‌ಟೈಮಿನ ದುಡ್ಡು, ಮೂರು ಕಂತು.

ಏಳುವಾಗ ಚೀಟಿ ಕೊಟ್ಟರು:
ನೀರು ಉಗುರುಬೆಚ್ಚಗಿರಲಿ.
ಎರಡು ದಿನ ಕಾಫಿ ಬೇಡ, ಹುಣಸೆ ಬೇಡ, ನಿಂಬೆ ಬೇಡ.
ಬ್ರಷ್ಷು ಮೆತ್ತಗಿನದು, ಕೈ ಅದಕ್ಕಿಂತ ಮೆತ್ತಗೆ.
ಮಲಗುವ ಮುಂಚೆ ಈ ಪೇಸ್ಟು ಬೆರಳಲ್ಲಿ ಸವರಿ
ಉಗಿದು ಸುಮ್ಮನಿರಿ, ಮುಕ್ಕಳಿಸಬೇಡಿ.

ಗಾಳಿಯ ಬಗ್ಗೆ ಏನೂ ಬರೆದಿರಲಿಲ್ಲ.

ದುದ್ದದ ಹತ್ತಿರ, ಮುಚ್ಚಲಾಗದ ಆರನೇ ಕಿಟಕಿ.
‘ಟಿಕೆಟ್’ ಅನ್ನಲು ಬಾಯಿ ತೆರೆದರೆ
ಬೇರಿನ ತನಕ ಸೂಜಿ.
ಎಡಗೈ ತಾನಾಗಿ ಬಾಯಿಗೆ ಅಡ್ಡ ಬಂತು,
ಇಪ್ಪತ್ತೆಂಟು ವರ್ಷ ನಕ್ಕಾಗಲೆಲ್ಲ ಬಂದ ಅದೇ ಕೈ,
ದಾರಿ ಗೊತ್ತಿದ್ದ ಕೈ.

ಪಾಸು ತೋರಿಸಿದ ಕಾಲೇಜು ಹುಡುಗಿ
ನನ್ನನ್ನೇ ದಿಟ್ಟಿಸಿ, ತಾನೂ ಬಾಯಿಗೆ ಕೈ ಹಿಡಿದು ಕೇಳಿದಳು:
‘ನೋವಾಯ್ತಾ ಅಕ್ಕ?’
ನಮ್ಮ ಕಡೆಯದೇ ನೀರು.
‘ಮೂರು ದಿನ ಜುಮ್ಮನ್ನುತ್ತಂತೆ. ಇವತ್ತು ಎರಡನೇದು.’

ಹಾರನಹಳ್ಳಿ ಬರುವ ತನಕ
ಸೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡೆ.
ಉಗುರುಬೆಚ್ಚಗಾದ ಮೇಲೆ
ಹಲ್ಲು ತಾಗಿಸದೆ, ತುಟಿಯಲ್ಲಷ್ಟೇ ಹಿಡಿದು ಊದಿದೆ.

ಬೋರಲಿಂಗ ಗೇರು ಹಾಕಿದ.
‘ಸಿಕ್ತು ಅನ್ನು.’