ಐದು ಕಡ್ಡಿ

ಹತ್ತೂವರೆಗೆ ಗಂಟೆ.
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಮುನ್ನೂರು ಹೆಬ್ಬೆರಳು ಒಂದೇ ಉಸಿರಿಗೆ ಗಾಜು ಒತ್ತುತ್ತವೆ.
ಹೊರಗೆ, ನೀರಿನ ಟ್ಯಾಂಕಿನ ಪಕ್ಕ,
ಕೆಂಪು ಬಿಳಿ ಬಳಿದ ಟವರಿಗೆ
ಎದೆ ಕಟ್ಟುತ್ತದೆ.

ಕೂಗುವವರಿಲ್ಲ ಈಗ ಹರಾಜಿನಲ್ಲಿ.
ಬೆಲೆ ಗಾಳಿಯಲ್ಲಿ ಹೋಗಬೇಕು, ಗಾಳಿಯಲ್ಲೇ ಮರಳಬೇಕು.
ದಿನಾ ಮೂರು ನಿಮಿಷ ಅದಕ್ಕೆ ನೆತ್ತಿ ಹತ್ತುತ್ತದೆ.
ಕಂಪನಿ ನನ್ನನ್ನು ಕಳಿಸಿದ್ದು ಆ ಮೂರು ನಿಮಿಷಕ್ಕೆ:
ಸೊಂಟಕ್ಕೆ ಬೆಲ್ಟು, ಬಗಲಲ್ಲಿ ಲ್ಯಾಪ್‌ಟಾಪು,
ಬಂದಿಳಿದಾಗಿನಿಂದ ಮೂಗಿನಲ್ಲಿ ಬೆಂದ ಹುಳದ ವಾಸನೆ.

ಅಕ್ಮಲ್ ಸಾಬರು ಒತ್ತಿದ್ದು ಐನೂರ ಹನ್ನೆರಡು.
ಫೋನಿನಲ್ಲಿ ಐದಕ್ಕೆ ಐದೂ ಕಡ್ಡಿ.
ಬಿಳಿ ಚಕ್ರ ಸುತ್ತಿತು, ಸುತ್ತಿತು.
'ನಮ್ಮ ರಾಟೆ ಇಷ್ಟು ಸುತ್ತಿದ್ರೆ ಒಂದು ಲಡಿ ನೂಲಾದ್ರೂ ಬರ್ತಿತ್ತು.'
ಲಾಟು ಹೋಯಿತು ಐನೂರ ಒಂಬತ್ತಕ್ಕೆ, ಬೇರೆಯವರಿಗೆ.

ದಿಬ್ಬೂರಹಳ್ಳಿಯ ಮುನಿವೆಂಕಟಮ್ಮ ಬೆರಳು ಮಡಿಸಿದಳು:
ಅರವತ್ತೆರಡು ಕಿಲೋ, ಕಿಲೋಗೆ ಮೂರು,
ನೂರ ಎಂಬತ್ತಾರು.
ತೆಲುಗಿನಲ್ಲಿ ಏನೋ ಗೊಣಗಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ:
'ಆ ದುಡ್ಡು ಯಾರ್ ತಗಂಡ್ರು ಮೇಡಂ?'

ಯಾರೂ ಇಲ್ಲ ಅಂದೆ.
ಕಳ್ಳನಿಲ್ಲದ ಕಳವು ಅವಳಿಗೆ ಹಿಡಿಸಲಿಲ್ಲ.
ಸಾಲು ತುಂಬಿತ್ತು, ಕೊನೆಗೆ ಬಂದದ್ದು ಚೆಲ್ಲಿಹೋಯಿತು,
ಅಂದೆ. ಪರದೆಯ ಕೆಂಪು ಗೆರೆ ತೋರಿಸಿದೆ.
ಅವಳು ಗೆರೆ ನೋಡಲಿಲ್ಲ. ನನ್ನ ಬೂಟು ನೋಡಿದಳು.

ಪವರ್ ಏರಿಸು, ಅಂದಿತು ಆಫೀಸು.
ಏರಿಸಿದೆ.
ಗದ್ದಲದ ಮದುವೆಮನೆಯಲ್ಲಿ ವಾಲಗದವನೂ ಜೋರು ಊದಿದಂತಾಯಿತು.
ಸಾಲು ಉದ್ದ ಮಾಡು, ಅಂದಿತು.
ಮಾಡಿದೆ. ಒಂದು ಬಿಡ್ಡೂ ಕಳೆಯಲಿಲ್ಲ ಆ ದಿನ;
ಎಲ್ಲವೂ ತಲುಪಿದವು,
ಹರಾಜು ಮುಗಿದು, ಕಸ ಗುಡಿಸಿದ ಮೇಲೆ.

ಮಧ್ಯಾಹ್ನ ಸಾಬರ ಫಿಲೇಚರಿನಲ್ಲಿ ಕರೆಂಟು ಸಿಕ್ಕೀತೆಂದು ಕೂತೆ.
ಬಾಣಲಿಯ ಮುಂದೆ ಶಾಹಿರಾ,
ಬೆಂದು ಬಿಳಿಚಿದ ಬೆರಳ ತುದಿ.
ಎಂಟು ಗೂಡಿನ ಎಂಟು ಎಳೆ ಸೇರಿ ಕಾಣದಷ್ಟು ಒಂದು ನೂಲು.
ಒಂದು ಕಡಿಯಿತು. ರಾಟೆ ನಿಲ್ಲಲಿಲ್ಲ,
ಬೇರೊಂದರ ತುದಿ ಎಸೆದಳು, ಹತ್ತಿಕೊಂಡಿತು.
'ಕಡಿದದ್ದು ಕಂಡಿತಾ?'
'ಕಾಣಲ್ಲ. ಬೆರಳಿಗೆ ಹಗುರ ಆಗುತ್ತೆ.'
'ಬುಟ್ಟಿ ಪೂರಾ ಸುರಿದರೆ?'
ನಕ್ಕಳು. 'ನೀವು ಓದಿದೋರು ತಾನೆ?'

ಓದಿದ್ದೆ. ಪರೀಕ್ಷೆಗೆ ಹನ್ನೆರಡು ಅಂಕದ ಪ್ರಶ್ನೆ.
ದಾರಿ ಎಷ್ಟು ತಾಳುತ್ತದೋ ಅಷ್ಟೇ ಕಳಿಸು;
ತಲುಪಿತೆಂಬ ಓಗೊಡುವಿಕೆ ಬಾರದಿದ್ದರೆ
ಮತ್ತೆ ಒತ್ತುವ ಮೊದಲು ತುಸು ತಾಳು,
ಮತ್ತೂ ಬಾರದಿದ್ದರೆ ಅದರ ಎರಡರಷ್ಟು.
ಎಲ್ಲರೂ ಒಂದೇ ಹೊತ್ತು ಕಾದರೆ ಮತ್ತೆ ಒಟ್ಟಿಗೇ ನುಗ್ಗುತ್ತಾರೆ,
ಅದಕ್ಕೆ ಒಬ್ಬೊಬ್ಬರ ಕಾಯುವಿಕೆ ಒಂದೊಂದು ಥರ,
ಚೀಟಿ ಎತ್ತಿದ ಹಾಗೆ.
ಉತ್ತರ ಬರೆದಿದ್ದೆ. ಬೆರಳಿಗೆ ಹಗುರಾದದ್ದು ಗೊತ್ತಿರಲಿಲ್ಲ.

ರಾತ್ರಿ ಟವರು ಹತ್ತಿದೆ.
ಕೆಳಗೆ ಕಾವಲುಗಾರ ಪಿಳ್ಳಪ್ಪ ಟಾರ್ಚು ಹಿಡಿದು,
'ಹುಷಾರು, ಮೂರನೇ ಮೆಟ್ಟಿಲಿಗೆ ನಟ್ಟಿಲ್ಲ' ಅಂದ.
ಒಂದು ಆಂಟೆನಾದ ಮುಖ ಎರಡು ಡಿಗ್ರಿ ತಗ್ಗಿಸಿ
ಮಾರುಕಟ್ಟೆಯ ತಗಡಿಗೆ ನೇರ ಮಾಡಿದೆ.
ಇಳಿದು ಬಂದು ನಾಲ್ಕು ಸಾಲು ಬರೆದೆ:
ಹತ್ತೂವರೆಯಿಂದ ಅರ್ಧ ಗಂಟೆ
ಬಿಡ್ಡು ಮೊದಲು. ಮಿಕ್ಕದ್ದು ಆಮೇಲೆ.

ಮಾರನೇ ದಿನ ಮುನ್ನೂರು ಹೆಬ್ಬೆರಳು.
ನೂರಕ್ಕೆ ಹನ್ನೊಂದು ಕಳೆಯುತ್ತಿದ್ದದ್ದು
ಇನ್ನೂರಕ್ಕೆ ಒಂದು.
ಸಾಬರು ದೂರದಿಂದಲೇ ಕೈ ಎತ್ತಿ ಸಲಾಮು ಮಾಡಿದರು.
ಆಫೀಸಿಗೆ ಗ್ರಾಫು ಕಳಿಸಿದೆ.
ಆ ಒಂದು ಯಾರದ್ದು, ಗ್ರಾಫಿನಲ್ಲಿ ಬರುವುದಿಲ್ಲ.
ಮುನಿವೆಂಕಟಮ್ಮನ ಮುಂದಿನ ಬೆಳೆಗೆ ಇನ್ನೂ ತಿಂಗಳಿದೆ.
ನೂರ ಎಂಬತ್ತಾರನ್ನು ಮರಳಿ ಕಳಿಸುವ ವಿಧಾನ
ಯಾವ ಪುಸ್ತಕದಲ್ಲೂ ಇಲ್ಲ.

ಗೇಟಿನ ಬಳಿ ಚಹಾದ ಹುಡುಗ
ಫೋನು ಕಿಟಕಿಯತ್ತ ಹಿಡಿದು ಆಡಿಸುತ್ತಿದ್ದ,
ಅದರಲ್ಲಿ ಕಾಲೇಜಿನ ಮೇಷ್ಟ್ರು
ಬಾಯಿ ತೆರೆದು ಹಾಗೇ ನಿಂತಿದ್ದರು.
'ಐದು ಕಡ್ಡಿ ಐತೆ ಮೇಡಂ,
ಇವತ್ತು ಯಾಕೋ ಪಾಠ ನಿಂತ್ ನಿಂತ್ ಬತ್ತೈತೆ.'
ಹನ್ನೊಂದಕ್ಕೆ ಸರಿಹೋಗುತ್ತೆ ಅಂದೆ.
ಲೋಟ ಬಿಸಿಯಿತ್ತು, ಕೈ ಬದಲಿಸುತ್ತ ನಿಂತೆ.