ಎರಡು ಸಲ ಹೋಗಿಬಂದ ಸದ್ದು

ಹಳಿಯ ಮೇಲೆ ಎರಡು ದಿನ ಮಾತ್ರ.
ಮೂರನೆಯ ದಿನಕ್ಕೆ ಬಾಡಿಗೆ ದುಪ್ಪಟ್ಟು ಎಂದು
ಶೆಡ್ಡಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ ಯಜಮಾನ.
ಫ್ರೀಸ್‌ಲ್ಯಾಂಡಿನ ಗಾಳಿ ಅದನ್ನೂ ಅರ್ಧ ಅಳಿಸಿದೆ.

ನನ್ನ ಮನೆ ಕಾಲುವೆ ಬಿಟ್ಟು ಮೇಲೆ ಬಂದು
ಲಂಗ ಎತ್ತಿಹಿಡಿದ ಮುದುಕಿಯ ಹಾಗೆ ನಿಂತಿದೆ.
ಹೊಟ್ಟೆಯ ತುಂಬ ಪಾಚಿ, ಚಿಪ್ಪು, ಸಾಲು ಸಾಲು ರಿವೆಟ್ಟು.
ಬಟಾಟೆ, ಗೊಬ್ಬರ, ಬೀಟ್‌ಗೆಡ್ಡೆ ಹೊತ್ತು ತಿರುಗಿದ ದೋಣಿ
ಈಗ ನನ್ನನ್ನೂ ಯೆಲ್ಟೆಯನ್ನೂ ಹೊತ್ತಿದೆ.

ವಸಂತಕ್ಕೆ ವಿಮೆಯವರ ಪರೀಕ್ಷಕ ಬರುತ್ತಾನೆ.
ತಳ ನಾಲ್ಕು ಮಿಲಿಮೀಟರಿಗೆ ಕಡಿಮೆಯಿದ್ದರೆ
ನೀರು ನಮಗೆ, ಕಾಗದ ಅವರಿಗೆ.
ಅವನಿಗಿಂತ ಮೊದಲು ನನಗೆ ಗೊತ್ತಾಗಬೇಕು.
ಬೇರೊಬ್ಬನ ಫೀಸು ಕೇಳಿದೆ: ಬೇಕರಿಯಲ್ಲಿ
ಮೂರು ವಾರ ರಾತ್ರಿಪಾಳಿ ನಾದಿದ ಹಿಟ್ಟು.
ಹಾಗಾಗಿ ವೊಬ್ಬೆಯನ್ನು ಕರೆದೆ.
ಅವನಿಗೆ ಎರಡು ಸಕ್ಕರೆ ಬ್ರೆಡ್ಡು ಸಾಕು,
ದಾಲ್ಚಿನ್ನಿ ಮಾತ್ರ ಜಾಸ್ತಿ ಇರಬೇಕು.

ನಲವತ್ತು ವರ್ಷ ಹಡಗುಕಟ್ಟೆಯಲ್ಲಿ ಕಿವಿ ಸವೆಸಿದವನು.
ಕಿವಿಯ ಯಂತ್ರ ಕಳಚಿ ಜೇಬಿಗೆ ಹಾಕಿ
ಸುತ್ತಿಗೆ ಎತ್ತಿಕೊಂಡ.
ಸದ್ದು ನೋಡಲು ಬಂದವನು ಕಿವಿ ತೆಗೆದಿಡುವುದೇ?
'ಮಣಿಕಟ್ಟಿಗೆ ಕೇಳುತ್ತೆ' ಎಂದ.

ಠಣ್. ಠಣ್. ಠಣ್.
ಉಕ್ಕು ಸುತ್ತಿಗೆಯನ್ನು ತಿರುಗಿ ಕೊಡುತ್ತಿತ್ತು.
ಠಣ್. ಠಣ್.
ಡಬ್.
ಅಲ್ಲಿ ಸುತ್ತಿಗೆ ಪುಟಿಯಲಿಲ್ಲ, ಒಂದು ಗಳಿಗೆ ಕೂತಿತು.
ಅಡುಗೆಮನೆಯ ಸಿಂಕಿನ ನೇರ ಕೆಳಗೆ.
ವೊಬ್ಬೆ ಸೀಮೆಸುಣ್ಣದ ಸುತ್ತು ಹಾಕಿ ಮುಂದೆ ಹೋದ.

ಆಮೇಲೆ ಮಾಪಕ. ಏಳು ದೋಣಿಯವರು ಚಂದಾ ಎತ್ತಿ ಕೊಂಡದ್ದು,
ಸೋಪಿನ ಡಬ್ಬಿಯಷ್ಟು, ಸರದಿ ಬಂದಾಗ ಕೈಗೆ ಬರುವುದು.
ಉಕ್ಕಿನೊಳಗೆ ಒಂದು ಸದ್ದು ಕಳಿಸಿ
ಆಚೆ ಮುಖ ಮುಟ್ಟಿ ಬರುವ ಹೊತ್ತು ಎಣಿಸಿ
ದಪ್ಪ ಹೇಳುತ್ತದೆ.
ಬಣ್ಣ ಕೆರೆದು ಬೆಳ್ಳಿ ಕಾಣುವ ತನಕ ಉಜ್ಜಬೇಕು,
ನಡುವೆ ಗಾಳಿ ನುಸುಳದ ಹಾಗೆ ಜೆಲ್ ಬಳಿಯಬೇಕು.
ಯೆಲ್ಟೆಯ ಕೂದಲಿನ ಜೆಲ್ ಕದ್ದು ತಂದೆ.
'ಅಮ್ಮಾ, ಅದು ಗಟ್ಟಿ ಹಿಡಿಯೋದು!' ಎಂದು ಗೋಳಾಡಿದ.
ನಮಗೂ ಅದೇ ಬೇಕಲ್ಲವೇನೋ.

ಐದು ಪಾಯಿಂಟ್ ಎರಡು. ನಾಲ್ಕು ಪಾಯಿಂಟ್ ಒಂಬತ್ತು. ಐದು.
ಗೇಣಿಗೊಂದು ಅಂಕಿ, ತಳವೆಲ್ಲ ಮಗ್ಗಿಪುಸ್ತಕ.
ಸುತ್ತು ಹಾಕಿದ ಜಾಗ ಬಂತು.
ನಾಲ್ಕು ಪಾಯಿಂಟ್ ಎಂಟು.
ಬೆಳಗಿನಿಂದ ಹಿಡಿದಿದ್ದ ಉಸಿರು ಬಿಟ್ಟೆ.

ವೊಬ್ಬೆ ಬ್ರೆಡ್ಡು ಮುರಿಯುತ್ತಿದ್ದವನು ತಲೆ ಅಲ್ಲಾಡಿಸಿದ.
'ತೀರ ತೆಳುವಿದ್ದ ಕಡೆ ಈ ಅಗ್ಗದ್ದಕ್ಕೆ
ಮೊದಲ ಮಾರ್ದನಿ ಸಿಗೋದಿಲ್ಲ.
ಎರಡನೇದನ್ನ ಹಿಡಿದು ಅದೇ ನಿಜ ಅನ್ನುತ್ತೆ.
ಎರಡು ಸಲ ಹೋಗಿಬಂದ ಸದ್ದು. ಅರ್ಧ ಮಾಡು.'

ಮಾಡಿದೆ. ಬಾಯಿ ಬಿಟ್ಟು ಹೇಳಲಿಲ್ಲ.

ಹೇಳದಿದ್ದರೆ ಆಗದು ಎಂಬಂತೆ ಡ್ರಿಲ್ಲು ತಂದ.
ತೂತು ಕೊರೆ, ಕೊಕ್ಕೆ ಹಾಕಿ ಅಳೆ, ಬೆಸೆದು ಮುಚ್ಚು:
ಅವನ ಅಪ್ಪನ ಕಾಲದ ಲೆಕ್ಕ.
ಡ್ರಿಲ್ಲು ಒಳನುಗ್ಗಿದ ವೇಗಕ್ಕೇ ನನಗೆ ತಿಳಿದುಹೋಯಿತು.
ಸೈಕಲ್ ಕಡ್ಡಿ ಬಗ್ಗಿಸಿದ ಕೊಕ್ಕೆಯ ಮೇಲೆ ಉಗುರಿಟ್ಟು
ಸ್ಕೇಲಿಗೆ ಹಿಡಿದ. ಎರಡೂವರೆ.
ಕೂದಲೆಳೆ ಕಮ್ಮಿಯೇ.

ಎಂಟು ವರ್ಷ ಆ ಸಿಂಕಿನ ಮುಂದೆ ನಿಂತಿದ್ದೇನೆ.
ಪಾತ್ರೆ ತೊಳೆದೆ, ಯೆಲ್ಟೆಯ ಮಂಡಿ ತೊಳೆದೆ, ಒಮ್ಮೆ ಅತ್ತೆ,
ಕಾಲ ಕೆಳಗೆ ಒಂದು ನಾಣ್ಯದಷ್ಟು ದಪ್ಪ ಇಟ್ಟುಕೊಂಡು.

ತೂತಿನಿಂದ ಕಂದುನೀರು ಸಣ್ಣಗೆ ಇಳಿಯಿತು.
ಮೂಗಿಗೆ ಹಿಡಿದೆ. ಪಾಚಿಯ ವಾಸನೆಯಲ್ಲ,
ನಿಂಬೆ ಸೋಪು. ನಮ್ಮ ಮನೆಯದೇ.
ಹೊರಗಿನ ಕಾಲುವೆ ಏನೂ ಮಾಡಿರಲಿಲ್ಲ ಪಾಪ.

ಯೆಲ್ಟೆ ಟಾರ್ಚು ಹಿಡಿದು ಒಳಗೆ ನುಗ್ಗಿದ,
ಸಿಂಕಿನ ಪೈಪು ಜಿನುಗುವ ಕಡೆ ಕೂಗಿ ಹೇಳಿದ.
ಕಿವಿಯ ಯಂತ್ರ ಸಿಕ್ಕಿಸಿಕೊಳ್ಳುತ್ತ ವೊಬ್ಬೆ
'ಏನಂದ?' ಎಂದು ಕೇಳಿದ.
ಬಕೆಟ್ಟು ಕೇಳುತ್ತಿದ್ದಾನೆ ಎಂದೆ.