ಕರೆಂಟು ಬಿಲ್ಲಿನ ಬೆನ್ನ ಮೇಲೆ

ಕರೆಂಟು ಬಿಲ್ಲಿನ ಬೆನ್ನ ಮೇಲೆ
ಸಮುದ್ರ ಬರೆಯುತ್ತಿದ್ದೇವೆ ಮೂವರು,
ಪೋಲೆಂಡಿನ ರಾದೋಮ್ ಊರಲ್ಲಿ, ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ:
ನಾನು, ನನ್ನ ಗಂಡ ಝೆನೋನ್, ಅವನಕ್ಕ ಯದ್ವಿಗಾ.
ಆಗಸ್ಟಿಗೆ ಇನ್ನೂ ಹನ್ನೊಂದು ವಾರ.
ಕಿಟಕಿಯಾಚೆ ಬಸ್ ಡಿಪೋ, ತೊಳೆದ ಬಸ್ಸುಗಳ ಸಾಲು.
ತೊಳೆಯುವವಳು ನಾನೇ. ನೀರೆಂದರೆ ನನಗೆ
ಪೈಪು, ಸೋಪು, ಸೊಂಟನೋವು.

ಮೊದಲ ಸಾಲು, ರೈಲು.
ರಾತ್ರಿಯದು; ಕೂರುವ ಸೀಟು, ಮಲಗುವುದಲ್ಲ.
"ಮಲಗೋಕೇ ಅಲ್ವಾ ಹೊರಟಿರೋದು,
ಅಲ್ಲಿ ಹೋಗಿ ಮಲಗು" ಅನ್ನುತ್ತಾಳೆ ಯದ್ವಿಗಾ.
ಪೆನ್ಸಿಲು ಅವಳ ಕೈಯಲ್ಲಿ,
ಹಾಗಾಗಿ ನ್ಯಾಯವೂ ಅವಳದೇ.

ಆಮೇಲೆ ಕೋಣೆ. ಇದಕ್ಕೆ ಕಾಸಿಲ್ಲ.
ಕೆಳಮನೆಯ ಅಪೊಲೋನಿಯಾಳ ತಮ್ಮನ ಮಗಳು
ಉಸ್ತ್ಕಾದಲ್ಲಿದ್ದಾಳೆ, ಅಲೆಗೆ ಏಳು ನಿಮಿಷದ ನಡಿಗೆ;
ಆ ಐದು ದಿನ ಅವಳು ಬೆಟ್ಟಕ್ಕೆ ಹೋಗುತ್ತಾಳಂತೆ
(ಕಡಲಿನವರಿಗೂ ಕಡಲು ಸಾಕಾಗುತ್ತದೆ, ನೋಡಿ).
ಬಾಡಿಗೆ: ಟೊಮೆಟೊ ಗಿಡಕ್ಕೆ ಸಂಜೆ ನೀರು,
ಒಂದು ಕುಂಟು ಬೆಕ್ಕಿಗೆ ಎರಡು ಹೊತ್ತು ಊಟ.
ಬೆಕ್ಕಿನ ಹೆಸರು ಬಿಷಪ್.

ಜಗಳ ಶುರುವಾದದ್ದು ಗಾಳಿಯಿಂದ.
ಬಾಲ್ಟಿಕ್ ಗಾಳಿ ಬಿಸಿಲಲ್ಲೂ ಚರ್ಮ ಸುಲಿಯುತ್ತದೆ;
ಗೂಟ ಹೊಡೆದು ಅಡ್ಡ ಕಟ್ಟುವ ಪಟ್ಟೆಬಟ್ಟೆ ಇಲ್ಲದೆ
ಅಲ್ಲಿ ಯಾರೂ ಅಂಗಿ ಬಿಚ್ಚುವುದಿಲ್ಲ.
ನಮ್ಮದಕ್ಕೆ ಐದು ಗೂಟವಿದೆ, ಬೇಕಾದದ್ದು ಆರು.
ಆರನೆಯದು ಹೋದ ಚಳಿಗಾಲ ಹಿಮ ಕೆದಕಲು
ಝೆನೋನ್ ಜೊತೆ ಇಳಿದದ್ದು, ಹತ್ತಿ ಬರಲಿಲ್ಲ.
ಹೊಸತಕ್ಕೆ ಅರುವತ್ತು ಝ್ವೋತಿ.
"ಪೊರಕೆ ಹಿಡಿ ಸಾಕು" ಅಂದೆ.
"ಯಾರ ಪೊರಕೆ?" ಅಂದಳು ಯದ್ವಿಗಾ.
ಚಹಾ ಆರಿತು. ಬಿಲ್ಲಿನ ಮೂಲೆ ಹರಿಯಿತು.
ಕೊನೆಗೆ ಅವಳ ಪೊರಕೆಯೂ
ನಮ್ಮ ಜೊತೆ ಪ್ರಯಾಣಿಕರ ಪಟ್ಟಿಗೆ ಸೇರಿತು.

ಹುರಿದ ಮೀನು ಅಲ್ಲಿ ನೂರು ಗ್ರಾಮಿನ ಲೆಕ್ಕ:
ಬೋರ್ಡಿನಲ್ಲಿ ಸಣ್ಣ ಅಂಕಿ, ತಟ್ಟೆಯಲ್ಲಿ ದೊಡ್ಡ ಮೀನು,
ಮುಳ್ಳು ಸಿಕ್ಕುವುದು ಬಿಲ್ಲು ಬಂದ ಮೇಲೆ.
ಒಮ್ಮೆ ನುಂಗಿದ್ದೇವೆ, ಸಾಕು.
ಈ ಸಲ ಒಂದೇ ದಿನ, ಒಂದೇ ಮೀನು, ಮೂರು ಫೋರ್ಕು.
ಮಿಕ್ಕಂತೆ ಬೇಯಿಸಿದ ಮೊಟ್ಟೆ, ಕರಿ ಬ್ರೆಡ್ಡು, ಮೂಲಂಗಿ,
ಉಪ್ಪುನೀರಲ್ಲಿ ಹುಳಿಯಾದ ಸೌತೆಕಾಯಿ,
ಮತ್ತು, ಯಾರೂ ಬಾಯಿಬಿಟ್ಟು ಹೇಳದ,
ಆ ಟೊಮೆಟೊ.

'ಕಾರ್ಯಕ್ರಮ' ಎಂದು ಬರೆದು ಯದ್ವಿಗಾ
ಕೆಳಗೆ ಎರಡೆರಡು ಗೆರೆ ಎಳೆದಳು.
ದೀಪಸ್ತಂಭಕ್ಕೆ ಟಿಕೆಟ್ಟು. ದೋಣಿಗೆ ಟಿಕೆಟ್ಟು.
ಒರಗುಕುರ್ಚಿಗೆ ಗಂಟೆಗಿಷ್ಟು.
ಗೆರೆಯ ಕೆಳಗೆ ಖಾಲಿ ಬಿಟ್ಟೆವು.
ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಚಾಚಿ
ಮಂಡಿ ಮಡಚಿಯೇ ಉಳಿದವರು ನಾವು;
ಅಷ್ಟುದ್ದ ಮರಳು ಹಾಸಿಟ್ಟಿದ್ದಾರೆ, ಪುಕ್ಕಟೆ.
ಕಾಲೇ ಸಾಲದು.

ಕೂಡಿ ಕಳೆದು ಹದಿನಾಲ್ಕು ಝ್ವೋತಿ ಉಳಿಯಿತು.
ಕೆನೆ ಹಾಕಿದ ದೋಸೆಯಂಥ ವಾಫಲ್ಲು ಅಂದ ಝೆನೋನ್,
ಬಿಸಿಲಿನ ಕ್ರೀಮು ಅಂದೆ ನಾನು.
ಅಷ್ಟರಲ್ಲಿ ಏದುತ್ತ ಬಂದಳು ಅಪೊಲೋನಿಯಾ,
ಕೀಲಿಕೈ ಮೇಜಿನ ಮೇಲಿಟ್ಟಳು, ಕೂರಲಿಲ್ಲ.

ನಿನಗೇನು ತರಲಿ? ಅಂಬರದ ಚೂರು?
"ಇದೆ, ಪ್ಲಾಸ್ಟಿಕ್ಕಿಂದು.
ಒಂದು ಫೋನು ಮಾಡು. ನೀರಿನ ಕಡೆ ಹಿಡಿ.
ನೀನು ಮಾತಾಡಬೇಡ, ನಿನ್ನ ಮಾತು
ನನ್ನ ಸೂರಿನಿಂದ ವರ್ಷವಿಡೀ ಕೇಳುತ್ತೆ."
ಎಷ್ಟು ಹೊತ್ತು ಹಿಡಿಯಬೇಕು?
ಅವಳು ನಮ್ಮ ಒಲೆಯ ಕಡೆ ನೋಡಿದಳು.
"ಆಲೂಗಡ್ಡೆ ಬೇಯುವಷ್ಟು."

ಯದ್ವಿಗಾ ಆ ಖಾಲಿ ಜಾಗದಲ್ಲಿ ಬರೆದಳು:
ಆಲೂಗಡ್ಡೆ, ಇಪ್ಪತ್ತು ನಿಮಿಷ, ಖರ್ಚಿಲ್ಲ.
ಝೆನೋನ್ ಎದ್ದು, ಪೊರಕೆಯ ತಲೆ ಕಳಚಲು
ಸ್ಕ್ರೂಡ್ರೈವರ್ ಹುಡುಕತೊಡಗಿದ,
ಹನ್ನೊಂದು ವಾರ ಮೊದಲೇ.